ಯಾಕೆ ಅಂತ ಎರಡು ಸಾಲು

0.5 ದೊಡ್ಡದೋ, 0.45 ದೊಡ್ಡದೋ? ಐದನೇ ಕ್ಲಾಸಿನ ಮಕ್ಕಳನ್ನು ಕೇಳಿ ನೋಡಿ. ಎಷ್ಟೋ ಮಕ್ಕಳು 0.45 ಅಂತಾರೆ. ನಾವೇನು ಮಾಡ್ತೀವಿ? ಕೆಂಪು ಪೆನ್ನಲ್ಲಿ ಇಂಟು ಮಾರ್ಕ್, ಮುಂದಿನ ಲೆಕ್ಕ. ಅದೇ ಮಗುವಿಗೆ ‘ಯಾಕೆ ಅಂತ ಎರಡು ಸಾಲು ಬರಿ’ ಅಂದರೆ, ‘45 ಐದಕ್ಕಿಂತ ದೊಡ್ಡದಲ್ವಾ’ ಅಂತ ಬರೆಯುತ್ತೆ. ಅಲ್ಲಿ ಸಿಕ್ಕಿತು ನೋಡಿ ತಪ್ಪಿನ ಬುಡ! ದಡ್ಡತನ ಅಲ್ಲ ಸ್ವಾಮಿ, ಪೂರ್ಣ ಸಂಖ್ಯೆಯ ನಿಯಮವನ್ನೇ ಬಿಂದುವಿನ ಆಚೆಗೂ ಹಚ್ಚಿದೆ, ಅಷ್ಟೇ. ಒಂದು ಐವತ್ತು ಪೈಸೆ, ಇನ್ನೊಂದು ನಲವತ್ತೈದು ಪೈಸೆ ಅಂತ ತೋರಿಸಿದರೆ ಐದು ನಿಮಿಷದ ಕೆಲಸ.

ಗಣಿತದ ದಿನಚರಿ ಅಂದರೆ ಇದೇ. ಆನ್‌ಲೈನ್ ಯಾಕೆ? ಗೂಗಲ್ ಡಾಕ್ಸ್‌ನಲ್ಲಿ ಮಗುವಿಗೂ ಟೀಚರಿಗೂ ಮಾತ್ರ ಕಾಣುವ ಒಂದು ಪುಟ ಇದ್ದರೆ, ಕ್ಲಾಸಲ್ಲಿ ಕೈ ಎತ್ತದ ಹುಡುಗಿ ಅಲ್ಲಿ ಬರೀತಾಳೆ. ಟೀಚರ್ ಮರುದಿನದ ಪಾಠಕ್ಕೆ ಮುಂಚೆಯೇ ಅದನ್ನು ಓದಬಹುದು. ತಿದ್ದಿದರೂ ಹಳೆಯ ಆವೃತ್ತಿ ಉಳಿದಿರುತ್ತೆ. ಯೋಚನೆ ಎಲ್ಲಿ ತಿರುಗಿತು ಅನ್ನೋದು ಕಾಣುತ್ತೆ. ಆದರೆ ದಯವಿಟ್ಟು ಇದಕ್ಕೂ ಮಾರ್ಕ್ಸ್ ಕೊಡಬೇಡಿ. ಕೊಟ್ಟ ದಿನವೇ ಮಕ್ಕಳು ಗೈಡ್ ನೋಡಿ ಬರೀತಾರೆ.

ನಾನು ಎಂಜಿನಿಯರಿಂಗ್ ಗಣಿತ ಪಾಸಾದವನು. ಭಿನ್ನರಾಶಿ ಭಾಗಿಸುವಾಗ ಎರಡನೆಯದನ್ನು ಯಾಕೆ ತಲೆಕೆಳಗು ಮಾಡ್ತೀವಿ ಅಂತ ಮೊನ್ನೆ ಬರೆಯಲು ಕೂತೆ. ಅರ್ಧ ಗಂಟೆ ಬೇಕಾಯ್ತು.