ಪೆಡಲಿನ ಮೇಲಿನ ಪಾದ

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಹಳೆಯ ಪಿ.ಬಿ. ರಸ್ತೆಯಲ್ಲಾಗಲಿ, ರಾಷ್ಟ್ರೀಯ ಹೆದ್ದಾರಿ 48ರಲ್ಲಾಗಲಿ, ಈ ಎರಡು ಊರುಗಳ ನಡುವೆ ಹಗಲಿರುಳೂ ಓಡಾಡುವ ಕಾರುಗಳ ಅಂದವನ್ನು ಮೆಚ್ಚಿ ನೋಡುವವರುಂಟು; ಅವುಗಳನ್ನು ನಡೆಸುವವರ ಕಾಲುಗಳನ್ನು ನೋಡುವವರು ವಿರಳ. ಇಣುಕಿ ನೋಡಿದರೆ ಬಗೆಬಗೆಯ ನೋಟ ಕಾಣಸಿಗುತ್ತದೆ. ಲೇಸು ಬಿಗಿದ ಬೂಟು, ಹೆಬ್ಬೆರಳಿಗೆ ಪಟ್ಟಿ ಸಿಕ್ಕಿಸಿದ ಹವಾಯಿ ಚಪ್ಪಲಿ, ಗಟ್ಟಿ ತೊಗಲಿನ ಕೊಲ್ಹಾಪುರಿ, ಎತ್ತರದ ಹಿಮ್ಮಡಿಯ ಪಾದರಕ್ಷೆ, ಬರಿಗಾಲು. ಇವುಗಳಲ್ಲಿ ಯಾವುದು ಕಾನೂನಿಗೆ ಸಮ್ಮತ, ಯಾವುದು ಅಸಮ್ಮತ?

2019ರಲ್ಲಿ ಈ ಪ್ರಶ್ನೆ ದೇಶದ ತುಂಬ ಎದ್ದಿತ್ತು. ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಹೆಚ್ಚಿದ ದಂಡಗಳು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದವು. ದಂಡದ ಭಯ ಹರಡಿದಲ್ಲಿ ವದಂತಿಗೆ ಕಾಲು ಮೂಡುವುದು ತಡವೇ? ಚಪ್ಪಲಿ ತೊಟ್ಟು ವಾಹನ ನಡೆಸಿದರೆ ದಂಡ, ಲುಂಗಿ ಉಟ್ಟರೆ ದಂಡ, ಅರ್ಧ ತೋಳಿನ ಅಂಗಿಗೂ ದಂಡ ಎಂಬ ಸುದ್ದಿ ಊರೂರಿಗೂ ಹಬ್ಬಿತು. ಕಡೆಗೆ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿಯವರ ಕಚೇರಿಯೇ ಅದೇ ತಿಂಗಳ ಕೊನೆಯ ವಾರದಲ್ಲಿ, ಇಂಥ ದಂಡಗಳಿಗೆ ಕಾಯಿದೆಯಲ್ಲಿ ಅವಕಾಶವಿಲ್ಲವೆಂದು ಸ್ಪಷ್ಟಪಡಿಸಬೇಕಾಯಿತು. ಕನ್ನಡದಲ್ಲಿ ಚಪ್ಪಲಿಗೆ ಕೆರ, ಎಕ್ಕಡ, ಮೆಟ್ಟು, ಜೋಡು ಎಂದು ಎಷ್ಟೋ ಹೆಸರುಗಳಿವೆ. 1988ರ ಕಾಯಿದೆ ಕಾರಿನ ಚಾಲಕನಿಗೆ ಇವುಗಳಲ್ಲಿ ಒಂದನ್ನೂ ವಿಧಿಸಿಲ್ಲ, ಒಂದನ್ನೂ ನಿಷೇಧಿಸಿಲ್ಲ.

ಇಷ್ಟನ್ನು ಕೇಳಿ ಹವಾಯಿ ಚಪ್ಪಲಿಯವರು ಹಿಗ್ಗುವುದು ಸಹಜ. ಆದರೆ ಅದೇ ಕಾಯಿದೆಯ 184ನೆಯ ವಿಧಿಯನ್ನೂ ಓದಬೇಕು. ಸಮರ್ಥನೂ ಜಾಗರೂಕನೂ ಆದ ಚಾಲಕನಿಂದ ನಿರೀಕ್ಷಿಸಬಹುದಾದ ಮಟ್ಟಕ್ಕಿಂತ ತೀರ ಕೆಳಗಿಳಿದು, ಅಂಥ ಚಾಲಕನಿಗೆ ಅಪಾಯವೆಂದು ಎದ್ದು ಕಾಣುವ ರೀತಿಯಲ್ಲಿ ವಾಹನ ನಡೆಸುವುದು 2019ರ ತಿದ್ದುಪಡಿಯ ಪ್ರಕಾರ ಅಪಾಯಕರ ಚಾಲನೆ. ಮೊದಲ ಬಾರಿಯ ಅಪರಾಧಕ್ಕೇ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆ, ಇಲ್ಲವೆ 1,000ದಿಂದ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಅಜಾಗರೂಕತೆಯಿಂದ ಪ್ರಾಣಹಾನಿಯಾದರಂತೂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ವಿಧಿಯಂತೆ ಐದು ವರ್ಷಗಳವರೆಗೆ ಸೆರೆವಾಸವುಂಟು. ಅಲ್ಲಿ ವಿಚಾರಣೆಗೆ ಬರುವುದು ಚಪ್ಪಲಿಯ ಜಾತಿಯಲ್ಲ; ಬ್ರೇಕನ್ನು ಸಕಾಲದಲ್ಲಿ ಏಕೆ ಒತ್ತಲಿಲ್ಲ ಎಂಬುದು.

ಬ್ರೇಕು ಒತ್ತುವ ಬಗೆಯನ್ನು ತುಸು ಗಮನಿಸೋಣ. ಬಲಗಾಲಿನ ಹಿಮ್ಮಡಿ ನೆಲಕ್ಕೆ ಊರಿಕೊಂಡಿರುತ್ತದೆ. ಅದನ್ನೇ ಕೀಲಾಗಿಸಿಕೊಂಡು ಮುಂಗಾಲು ಆಕ್ಸಿಲರೇಟರಿನಿಂದ ಬ್ರೇಕಿಗೆ ಹೊರಳುತ್ತದೆ. ಹವಾಯಿ ಚಪ್ಪಲಿಗೆ ಹಿಮ್ಮಡಿಯ ಹಿಡಿತವೇ ಇಲ್ಲ. ಕಾಲು ಹೊರಳಿದಾಗ ಅದರ ಹಿಂತುದಿ ಜೋತುಬಿದ್ದು ಪೆಡಲಿನ ಅಂಚಿಗೆ ಸಿಕ್ಕಿಕೊಳ್ಳಬಹುದು, ಅಥವಾ ಚಪ್ಪಲಿ ಪೂರ್ತಿಯಾಗಿ ಕಳಚಿ ಬ್ರೇಕಿನ ಅಡಿಗೇ ಸೇರಿಕೊಳ್ಳಬಹುದು. ಆಗ ಎಷ್ಟು ಒತ್ತಿದರೂ ಪೆಡಲು ಕೆಳಗಿಳಿಯದು. ಎತ್ತರದ ಹಿಮ್ಮಡಿಯಾದರೆ ಕೀಲೇ ನೆಟ್ಟಗೆ ನಿಲ್ಲುವುದಿಲ್ಲ. ತೀರ ದಪ್ಪ ಅಟ್ಟೆಯ ಬೂಟು ಕಳಚದೇನೋ ನಿಜ. ಆದರೆ ಪೆಡಲು ಎಷ್ಟು ಇಳಿಯಿತೆಂಬ ಅರಿವನ್ನು ಪಾದಕ್ಕೆ ಮುಟ್ಟಿಸುವುದಿಲ್ಲ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 22 ಮೀಟರು ಮುನ್ನುಗ್ಗುತ್ತದೆ. ಜಾರಿದ ಚಪ್ಪಲಿಯನ್ನು ಕಾಲಿನಿಂದ ತಡಕುವ ಒಂದು ಸೆಕೆಂಡಿನಲ್ಲಿ ಹೆದ್ದಾರಿ ದಾಟುತ್ತಿರುವ ಎತ್ತಿನ ಗಾಡಿಗೂ ಕಾರಿಗೂ ನಡುವಿನ ಅಷ್ಟೂ ದೂರ ಕರಗಿಹೋದೀತು. ಪಾದರಕ್ಷೆ ಎಂಬ ಪದ ಪಾದದ ರಕ್ಷಣೆಯನ್ನಷ್ಟೇ ಹೇಳುತ್ತದೆ. ಕಾರಿನೊಳಗೆ ಕಲ್ಲುಮುಳ್ಳುಗಳಿಲ್ಲ, ಅಲ್ಲಿ ರಕ್ಷಣೆ ಬೇಕಾಗಿರುವುದು ರಸ್ತೆಯಲ್ಲಿರುವ ಇತರರಿಗೆ.

ಹಾಗಾದರೆ ಬರಿಗಾಲೇ ಲೇಸಲ್ಲವೇ ಎಂದು ಕೇಳುವವರಿದ್ದಾರೆ. ವಾಹನವನ್ನು ಅನ್ನ ಕೊಡುವ ದೈವವೆಂದು ಭಾವಿಸಿ, ಚಪ್ಪಲಿ ಕಳಚಿಟ್ಟು ಸ್ಟೇರಿಂಗು ಹಿಡಿಯುವ ಲಾರಿ ಚಾಲಕರು ನಮ್ಮಲ್ಲಿ ಹಲವರು. ಅಯ್ಯಪ್ಪ ವ್ರತಧಾರಿಗಳು ಮಂಡಲ ಕಾಲವಿಡೀ ಬರಿಗಾಲಿನಲ್ಲೇ ಇರುತ್ತಾರೆ. ಇದಕ್ಕೂ ಕಾನೂನಿನ ಅಡ್ಡಿಯಿಲ್ಲ. ಪೆಡಲಿನ ಸ್ಪರ್ಶಜ್ಞಾನ ಬರಿಗಾಲಿಗೆ ಚೆನ್ನಾಗಿ ಸಿಗುವುದೆಂಬುದೂ ಸತ್ಯವೇ. ತೊಡಕಿರುವುದು ಒದ್ದೆಯಲ್ಲಿ. ಹರಿಹರದಲ್ಲಿ ತುಂಗಭದ್ರೆಗೆ ಇಳಿದು ಕಾಲು ತೊಳೆದು, ಹೊಯ್ಸಳ ದೊರೆ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಗೆ ಹೋಗುವ ಭಕ್ತರು ಚಪ್ಪಲಿಯನ್ನು ಕಾರಿನಲ್ಲೇ ಬಿಡುವುದುಂಟು. ದರ್ಶನ ಮುಗಿಸಿ, ನದಿಯ ಮರಳು ಮೆತ್ತಿದ ತೇವದ ಕಾಲನ್ನು ಹಾಗೆಯೇ ಪೆಡಲಿನ ಮೇಲಿಟ್ಟರೆ ಜಾರದೆ ಏನಾದೀತು? ಗಟ್ಟಿಯಾಗಿ ಬ್ರೇಕು ಒತ್ತಬೇಕಾದ ಗಳಿಗೆಯಲ್ಲಿ ಅಭ್ಯಾಸವಿಲ್ಲದ ಬರಿಯ ಅಂಗಾಲು ನೋವಿಗೆ ಹಿಂಜರಿಯುವುದೂ ಉಂಟು.

ಪರದೇಶಗಳಲ್ಲೂ ಹೆಚ್ಚು ಭೇದವಿಲ್ಲ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ 97ನೆಯ ನಿಯಮ, ಉಡುಪೂ ಪಾದರಕ್ಷೆಯೂ ವಾಹನದ ಹಿಡಿತಕ್ಕೆ ಅಡ್ಡಿಯಾಗದಿರಲಿ ಎನ್ನುತ್ತದೆಯೇ ಹೊರತು ಇಂಥದನ್ನೇ ತೊಡಿರೆಂದು ಹೇಳುವುದಿಲ್ಲ. ಅಮೆರಿಕದ ಯಾವ ರಾಜ್ಯವೂ ಬರಿಗಾಲಿನಲ್ಲಿ ಕಾರು ನಡೆಸುವುದನ್ನು ನಿಷೇಧಿಸಿಲ್ಲ. ಅಲಬಾಮಾದಲ್ಲಿ ಮೋಟಾರ್ ಸೈಕಲ್ಲಿಗೆ ಮಾತ್ರ ಪಾದರಕ್ಷೆ ಕಡ್ಡಾಯ.

ತೆಳುವಾದ, ಹಿಂದೆ ಪಟ್ಟಿಯಿರುವ, ಒಣಗಿದ ಅಟ್ಟೆಯ ಒಂದು ಜೊತೆ ಸಾಮಾನ್ಯ ಬೂಟೋ ಸ್ಯಾಂಡಲ್ಲೋ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಮದುವೆಮನೆಗೆ ಹೊರಟ ಗೃಹಿಣಿಯು ಎತ್ತರದ ಹಿಮ್ಮಡಿಯದನ್ನು ಕಳಚಿ ಇದನ್ನು ತೊಟ್ಟು ಕಾರು ನಡೆಸಿ, ಛತ್ರದ ಬಾಗಿಲಲ್ಲಿ ಮತ್ತೆ ಬದಲಾಯಿಸಿಕೊಳ್ಳಬಹುದು. ಕಳಚಿದ ಜೊತೆಯನ್ನು ಮಾತ್ರ ಚಾಲಕನ ಸೀಟಿನ ಕೆಳಗೆ ತುರುಕಬಾರದು. ಬ್ರೇಕು ಹಾಕಿದೊಡನೆ ಅದು ಮುಂದಕ್ಕೆ ಉರುಳಿ ಪೆಡಲಿನ ಅಡಿಗೇ ಬರುತ್ತದೆ. ಅದರ ಜಾಗ ಹಿಂದಿನ ಡಿಕ್ಕಿಯಲ್ಲಿ.