ಸಿಂಬಿಡಿಯಂಗೆ ಹೊಸ ಕುಂಡ

ಬೆಂಗಳೂರಿನ ನರ್ಸರಿಗಳಲ್ಲಿ ಆರ್ಕಿಡ್ ಎಂದು ಸಿಗುವ ಗಿಡಗಳಲ್ಲಿ ಬಹುಪಾಲು ಸೆಖೆ ನಾಡಿನವು. ಫೆಲನಾಪ್ಸಿಸ್, ಥಾಯ್ಲೆಂಡಿನ ಡೆಂಡ್ರೋಬಿಯಂ ತಳಿಗಳು ನಮ್ಮ ವರಾಂಡಕ್ಕೆ ಹೇಗೋ ಹೊಂದಿಕೊಂಡು ಹೂ ಬಿಡುತ್ತವೆ. ಸಿಂಬಿಡಿಯಂ ಹಾಗಲ್ಲ. ಕೊಂಡು ತಂದಾಗ ಇದ್ದ ಗೊಂಚಲು ಆರೆಂಟು ವಾರ ಬಾಡದೆ ನಿಂತು ಮನೆಯವರನ್ನೆಲ್ಲ ಮರುಳು ಮಾಡುತ್ತದೆ. ಆಮೇಲೆ ವರ್ಷ ವರ್ಷವೂ ಉದ್ದುದ್ದ ಎಲೆಗಳಷ್ಟೇ, ಹೂವಿನ ಸುಳಿವಿಲ್ಲ. ಗೊಬ್ಬರ ಸಾಲದೆಂದು ಇನ್ನಷ್ಟು ಗೊಬ್ಬರ ಹಾಕುವವರೇ ಹೆಚ್ಚು. ಆದರೆ ಗಿಡಕ್ಕೆ ಸಾಲದೆ ಬಂದಿರುವುದು ಬಹುಮಟ್ಟಿಗೆ ಎರಡು: ರಾತ್ರಿಯ ತಂಪು ಮತ್ತು ಬೇರಿನ ಸುತ್ತ ಗಾಳಿ. ತಂಪು ಊರಿನಿಂದ ಬರಬೇಕು. ಗಾಳಿ ಮಾತ್ರ ಕುಂಡ ಬದಲಿಸುವವರ ಕೈಯಲ್ಲಿದೆ.

ದೊಡ್ಡ ಹೂವಿನ ಸಿಂಬಿಡಿಯಂ ತಳಿಗಳ ಹಿರಿಯರು ಪೂರ್ವ ಹಿಮಾಲಯ, ಬರ್ಮಾ, ವಿಯೆಟ್ನಾಂ ಬೆಟ್ಟಗಳವರು. ಇಂಗ್ಲೆಂಡಿನ ವೀಚ್ ನರ್ಸರಿಯವರು ಎಬರ್ನಿಯಂ ಮತ್ತು ಲೋವಿಯಾನಂ ಎಂಬ ಎರಡು ಕಾಡು ಜಾತಿಗಳನ್ನು ಕೂಡಿಸಿ ಪಡೆದ ಮೊದಲ ಮಿಶ್ರತಳಿ 1889ರಲ್ಲಿ ಹೂ ಬಿಟ್ಟಿತು. ಇಂದಿನ ಸಾವಿರಾರು ತಳಿಗಳು ಅಂಥ ಕೂಡಿಕೆಗಳಿಂದಲೇ ಬೆಳೆದುಬಂದವು. ಸಿಕ್ಕಿಂನ ಕಾಡುಗಳಲ್ಲಿ ಇವುಗಳ ಬಳಗ ಪಾಚಿ ಕಟ್ಟಿದ ಮರದ ಕವಲುಗಳಲ್ಲಿ ಬೇರೂರಿ ನಿಲ್ಲುತ್ತದೆ. ಮುಂಗಾರಿನಲ್ಲಿ ದಿನವಿಡೀ ನೆನೆಯುತ್ತದೆ, ಆದರೆ ನೀರು ಕ್ಷಣ ಹೊತ್ತೂ ಬೇರಿನಲ್ಲಿ ತಂಗದೆ ಜಾರಿಹೋಗುತ್ತದೆ. ಮಳೆ ಹಿಂದೆ ಸರಿದು ಆಕಾಶ ತಿಳಿಯಾದಾಗ ರಾತ್ರಿಯ ತಾಪಮಾನ ಇಳಿಯುತ್ತದೆ, ಆಗ ಗಿಡ ಹೂಕಡ್ಡಿ ಕಟ್ಟುತ್ತದೆ. ನಮ್ಮ ಮಲೆನಾಡಿನ ಮರಗಳ ಮೇಲೂ ಒಂದು ಸಿಂಬಿಡಿಯಂ ಇದೆ, ಅಲೋಯಿಫೋಲಿಯಂ. ಲೋಳೆಸರದಂಥ ದಪ್ಪ ಎಲೆ, ಇಳಿಬಿದ್ದ ಹೂಗೊಂಚಲು. ಅದು ಸೆಖೆಗೆ ಹುಟ್ಟಿದ್ದು. ಇಲ್ಲಿ ಹೇಳುವ ತಂಪಿನ ಮಾತು ಅದಕ್ಕೆ ಅನ್ವಯಿಸುವುದಿಲ್ಲ.

ಕುಂಡ ಬದಲಿಸುವ ಕಾಲವನ್ನು ಗಿಡವೇ ತೋರಿಸುತ್ತದೆ. ಎಲೆಗಳ ಬುಡದಲ್ಲಿ ಗೆಡ್ಡೆಯಂತೆ ಉಬ್ಬಿದ ಹುಸಿಗೆಡ್ಡೆಗಳು ಅಂಚಿಗೆ ಒತ್ತಿ ಕುಂಡವನ್ನು ಉಬ್ಬಿಸಿರುತ್ತವೆ, ಇಲ್ಲವೇ ಬೇರಿನ ಒತ್ತಡಕ್ಕೆ ಇಡೀ ಗಿಡ ಮೇಲೆದ್ದಿರುತ್ತದೆ. ಹಾಕಿದ ನೀರು ಮೇಲೆಯೇ ನಿಂತು ನಿಧಾನಕ್ಕೆ ಇಳಿಯುತ್ತಿದ್ದರೆ ಒಳಗೆ ತುಂಬಿದ ಮರದ ತೊಗಟೆ, ತೆಂಗಿನ ಸಿಪ್ಪೆ ಕೊಳೆತು ಮಣ್ಣಾಗಿದೆ ಎಂದೇ ಅರ್ಥ. ಎರಡು ಮೂರು ವರ್ಷಕ್ಕೊಮ್ಮೆ ಇದು ಬರುತ್ತದೆ. ಹೂ ಮುಗಿದು ಬುಡದಲ್ಲಿ ಹೊಸ ಕಂದು ಮೂಡಿ ಬೆರಳುದ್ದ ಆದಾಗ, ಅಂದರೆ ನಮ್ಮಲ್ಲಿ ಫೆಬ್ರುವರಿಯಿಂದ ಏಪ್ರಿಲ್ ಒಳಗೆ, ಕೈ ಹಾಕಬೇಕು. ಆ ಕಂದಿನ ಬೇರು ಇನ್ನೇನು ಹೊರಡುವುದರಲ್ಲಿರುತ್ತದೆ. ಹೊಸ ಮನೆಗೆ ಅದು ತಾನಾಗಿಯೇ ಇಳಿಯುತ್ತದೆ.

ಮಡಿಕೇರಿಯಲ್ಲಿ ಹಿರಿಯರೊಬ್ಬರು ಈ ಕೆಲಸ ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಅವಸರವೇ ಇಲ್ಲದ ಕೈ ಅವರದು. ಹಿಂದಿನ ದಿನವೇ ಗಿಡಕ್ಕೆ ನೀರು ಹಾಕಿರುತ್ತಾರೆ. ಒಣಗಿದ ಬೇರು ಪಟಪಟನೆ ಮುರಿಯುತ್ತದೆ, ನೆನೆದದ್ದು ಬಾಗುತ್ತದೆ. ಬೇರು ಮಣ್ಣಿನ ಕುಂಡಕ್ಕೆ ಕಚ್ಚಿಕೊಂಡಿದ್ದರೆ ಗಿಡವನ್ನು ಜಗ್ಗದೆ ಕುಂಡವನ್ನೇ ಸುತ್ತಿಗೆಯಿಂದ ಮೆಲ್ಲಗೆ ಒಡೆಯುತ್ತಾರೆ. ಆಮೇಲೆ ಬೇರಿನ ಗಂಟನ್ನು ಬೆರಳಿನಿಂದ ಒಂದೊಂದೇ ಎಳೆಯಾಗಿ ಬಿಡಿಸುತ್ತಾ ಹೋಗುತ್ತಾರೆ. "ಕೊಳೆತದ್ದು ಎಳೆದ್ರೆ ಬಂದುಬಿಡ್ತದೆ. ಬಾರದಿದ್ರೆ ಬಿಡಿ, ಅದಕ್ಕೆ ಜೀವ ಉಂಟು," ಎಂದರು. ಅವರ ಕತ್ತರಿಗಿಂತ ಬೆರಳಿಗೆ ಕೆಲಸ ಹೆಚ್ಚು.

ಆ ಬೇರನ್ನು ಸ್ವಲ್ಪ ನಿಂತು ನೋಡಬೇಕು. ಕಿರುಬೆರಳಿನಷ್ಟು ದಪ್ಪ, ಬೆಳ್ಳಗೆ, ಗಟ್ಟಿ. ಆ ಬಿಳಿಯ ಹೊದಿಕೆಯ ಹೆಸರು ವೆಲಾಮೆನ್. ಅದು ಸತ್ತ ಕೋಶಗಳ ಪದರ. ಸ್ಪಂಜಿನ ಹಾಗೆ ನೀರನ್ನು ಚಕ್ಕನೆ ಹೀರಿ, ಒಳಗಿನ ಜೀವಂತ ಬೇರಿಗೆ ಸಾವಕಾಶವಾಗಿ ಉಣಿಸುತ್ತದೆ. ಮಳೆ ಬಂದು ಹೋಗುವ ಮರದ ಕವಲಿನಲ್ಲಿ ಬದುಕಲು ಕಂಡುಕೊಂಡ ಉಪಾಯ ಇದು. ಸುತ್ತ ಸದಾ ಒದ್ದೆ ಕೆಸರಿದ್ದರೆ ಈ ಉಪಾಯವೇ ಗಿಡಕ್ಕೆ ಮುಳುವು: ಹೊದಿಕೆ ಒಣಗುವುದೇ ಇಲ್ಲ, ಒಳಗಿನ ಬೇರಿಗೆ ಉಸಿರು ಸಿಗುವುದಿಲ್ಲ. ಕೊಳೆತ ಬೇರನ್ನು ಹಿಡಿದೆಳೆದರೆ ಕಂದುಬಣ್ಣದ ಹೊದಿಕೆ ಜಾರಿ ಕೈಗೆ ಬರುತ್ತದೆ, ನಡುವೆ ತಂತಿಯಂಥ ಒಂದೆಳೆ ಉಳಿಯುತ್ತದೆ. ಅಂಥದ್ದನ್ನೆಲ್ಲ ತೆಗೆಯಬೇಕು.

ಗಿಡ ಒಡೆದು ಎರಡು ಮೂರು ಮಾಡುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ನನಗೆ ತೋಚುವಂತೆ, ಕುಂಡ ಎತ್ತಲಾರದಷ್ಟು ದೊಡ್ಡದಾಗುವವರೆಗೆ ಒಡೆಯದಿರುವುದೇ ಮೇಲು. ತುಂಬಿದ ಬುಡ ಹೆಚ್ಚು ಗೊಂಚಲು ಕೊಡುತ್ತದೆ, ಒಡೆದದ್ದು ಒಂದು ವರ್ಷದ ಹೂವನ್ನಾದರೂ ಕಳೆದುಕೊಳ್ಳುತ್ತದೆ. ಒಡೆಯಲೇಬೇಕೆಂದರೆ ಎಲೆಯಿರುವ ಮೂರು ನಾಲ್ಕು ಗೆಡ್ಡೆ ಒಟ್ಟಿಗೆ ಇರಲಿ. ಚಾಕುವನ್ನು ಪ್ರತಿ ಗಿಡಕ್ಕೂ ಮುಂಚೆ ಗ್ಯಾಸ್ ಒಲೆಯ ಉರಿಯಲ್ಲಿ ಕಾಯಿಸಲೇಬೇಕು. ಸಿಂಬಿಡಿಯಂ ಮೊಸಾಯಿಕ್ ವೈರಸ್ ಒಂದು ಗಿಡದ ರಸದಿಂದ ಇನ್ನೊಂದಕ್ಕೆ ಚಾಕುವಿನ ಬಾಯಲ್ಲೇ ದಾಟುತ್ತದೆ, ದಾಟಿದ ಮೇಲೆ ಅದಕ್ಕೆ ಮದ್ದಿಲ್ಲ. ಕತ್ತರಿಸಿದ ಗಾಯಕ್ಕೆ ಇದ್ದಿಲ ಪುಡಿ ಒತ್ತಿದರೆ ಸಾಕು.

ಕುಂಡಕ್ಕೆ ತುಂಬುವುದು ಮಣ್ಣಲ್ಲ. ಪೈನ್ ತೊಗಟೆ ಸಿಕ್ಕರೆ ಒಳ್ಳೆಯದೇ. ಸಿಗದಿದ್ದರೆ ನಮ್ಮ ತೆಂಗಿನಕಾಯಿ ಸಿಪ್ಪೆಯ ತುಂಡು, ಇದ್ದಿಲು, ಇಟ್ಟಿಗೆ ಚೂರು, ಎಲ್ಲ ಅಡಿಕೆ ಗಾತ್ರದವು. ಸಿಪ್ಪೆಯನ್ನು ಕೆಲವು ದಿನ ನೆನೆಹಾಕಿ, ಕಂದು ನೀರು ಬರುವುದು ನಿಲ್ಲುವವರೆಗೆ ಬದಲಿಸಿ ತೊಳೆಯಬೇಕು. ಒಗರೂ ಉಪ್ಪೂ ಹೋಗಬೇಕಲ್ಲ. ಪ್ರಮಾಣ ಎಲ್ಲ ಊರಿಗೂ ಒಂದೇ ಅಲ್ಲ. ಬೆಂಗಳೂರಿನ ಒಣಗಾಳಿಗೆ ಸಿಪ್ಪೆ ಹೆಚ್ಚಿರಲಿ, ಕೊಡಗಿನ ಮಳೆಗೆ ಇದ್ದಿಲು, ಇಟ್ಟಿಗೆ ಹೆಚ್ಚಿರಲಿ.

ಹಳೆಯ ಗೆಡ್ಡೆಗಳನ್ನು ಅಂಚಿಗೆ ಒರಗಿಸಿ, ಹೊಸ ಕಂದಿನ ಮುಂದೆ ಎರಡು ವರ್ಷದ ಬೆಳೆಗೆ ಮಾತ್ರ ಜಾಗ ಬಿಡಬೇಕು. ಬೆಳೆಯುವ ಗಿಡವಲ್ಲವೇ ಎಂದು ದೊಡ್ಡ ಕುಂಡ ಕೊಟ್ಟರೆ ನಡುಭಾಗ ಒಣಗದೆ ಬೇರು ಕೊಳೆಯುತ್ತದೆ. ಗೆಡ್ಡೆಯ ಬುಡ ಮೇಲ್ಮಟ್ಟದಲ್ಲೇ ಕೂರಬೇಕು, ಹೂತುಹೋಗಬಾರದು. ಚೂರುಗಳನ್ನು ಸುರಿಯುತ್ತಾ ಕಡ್ಡಿಯಿಂದ ಜಡಿದು, ಗಿಡ ಅಲುಗದಂತೆ ಬಿಗಿಯಾಗಿಸಬೇಕು. ಗಾಳಿಗೆ ಗಿಡ ತೊನೆದರೆ ಆಗತಾನೇ ಹೊರಟ ಬೇರಿನ ತುದಿ ಉಜ್ಜಿ ಸಾಯುತ್ತದೆ.

ಆಮೇಲೆ ಒಂದು ವಾರ ನೆರಳು, ನೀರಿಲ್ಲ. ಗಾಯ ಒಣಗಲಿ. ಎಲೆಗೆ ಬೆಳಿಗ್ಗೆ ಹನಿ ಚಿಮುಕಿಸಿದರೆ ಸಾಕು.

ಮುಂದೆ ಬೆಳಕಿನ ಲೆಕ್ಕವನ್ನು ಎಲೆಯ ಬಣ್ಣವೇ ಹೇಳುತ್ತದೆ: ಎಳೆಹಸಿರು, ತುಸು ಹಳದಿ ಇದ್ದರೆ ಸರಿ, ಕಡುಹಸಿರಾಗಿ ಜೋಲುತ್ತಿದ್ದರೆ ಬೆಳಕು ಸಾಲದು. ಬೇಸಿಗೆಯಲ್ಲಿ 50 ಶೇಕಡದ ಶೇಡ್ ನೆಟ್ ಕೆಳಗಿರಲಿ. ಬೋರ್‌ವೆಲ್ ನೀರಿನ ಲವಣ ಕುಂಡದಲ್ಲಿ ಕೂತು ಎಲೆಯ ತುದಿ ಕರಿಯಾಗಿಸುತ್ತದೆ, ಆದ್ದರಿಂದ ಮಳೆನೀರು ಹಿಡಿದಿಟ್ಟುಕೊಂಡವರು ಪುಣ್ಯವಂತರು. ಗೊಬ್ಬರ ತೀರಾ ತೆಳ್ಳಗಿರಲಿ. ಮಳೆಗಾಲ ಕಳೆಯುತ್ತಿದ್ದಂತೆ ಸಾರಜನಕ ಇಳಿಸಿ ಪೊಟ್ಯಾಷ್ ಏರಿಸಬೇಕು.

ಇನ್ನು ತಂಪು. ಹೂಕಡ್ಡಿ ಹೊರಡಲು ದೊಡ್ಡ ಹೂವಿನ ತಳಿಗಳಿಗೆ ಕೆಲವು ವಾರ 10ರಿಂದ 14 ಡಿಗ್ರಿ ಸೆಲ್ಸಿಯಸ್‌ನ ರಾತ್ರಿಗಳು ಬೇಕು, ಹಗಲಿಗಿಂತ ರಾತ್ರಿ ಹತ್ತು ಡಿಗ್ರಿಯಾದರೂ ಇಳಿಯಬೇಕು. ಊಟಿಗೆ ಇದು ಸಲೀಸು, ಮಡಿಕೇರಿಯಲ್ಲಿ ಸಾಧ್ಯ, ಬೆಂಗಳೂರಿನಲ್ಲಿ ಅನುಮಾನ. ಚಳಿಯೆಂದು ಮರುಕಪಟ್ಟು ಗಿಡವನ್ನು ಒಳಗೆ ತರುವುದು ಪ್ರೀತಿಯೇ ಸರಿ, ಆದರೆ ಹೂವು ತಪ್ಪುತ್ತದೆ. ಮಹಡಿಯ ಮೇಲೆ ಬಯಲಿಗಿಡಿ. ಬೆಂಗಳೂರಿನವರು 'ಗೋಲ್ಡನ್ ಎಲ್ಫ್' ತಳಿಯನ್ನು ಹುಡುಕಿಕೊಂಡರೆ ಒಳ್ಳೆಯದು. ಹಳದಿ ಹೂ, ಪರಿಮಳ, ಸೆಖೆಯನ್ನೂ ತಾಳುತ್ತದೆ.

ಬುಡದಲ್ಲಿ ಮೊಳಕೆ ಕಂಡಾಗ ಅದು ಎಲೆಯೋ ಹೂವೋ ಎಂಬ ಕುತೂಹಲ ಯಾರನ್ನೂ ಬಿಡುವುದಿಲ್ಲ. ಚಪ್ಪಟೆಯಾಗಿ ಎಲೆ ಬಿಚ್ಚಿದರೆ ಕಂದು. ದುಂಡಗೆ, ತುದಿ ಚೂಪಾಗಿದ್ದರೆ ಹೂಕಡ್ಡಿ. ಹೂಕಡ್ಡಿಯಾದರೆ ಅಂದು ರಾತ್ರಿಯಿಂದಲೇ ಟಾರ್ಚ್ ಹಿಡಿದು ಬಸವನಹುಳು ಹೆಕ್ಕಬೇಕು. ತಿಂಗಳುಗಳ ಕಾಯುವಿಕೆಯನ್ನು ಅದು ಒಂದೇ ರಾತ್ರಿ ಮೇಯ್ದುಬಿಡುತ್ತದೆ. ಮೊಗ್ಗು ಮೂಡಿದ ಮೇಲೆ ಕುಂಡ ತಿರುಗಿಸಬೇಡಿ, ಹೂಗಳು ಬೆಳಕಿನತ್ತ ಸಾಲಾಗಿ ಮುಖ ಮಾಡುತ್ತಿರುತ್ತವೆ.

ಕುಂಡ ಬದಲಿಸುವಾಗ ಬೇರೆಯಾದ ಎಲೆ ಉದುರಿದ ಹಳೆಯ ಗೆಡ್ಡೆಗಳನ್ನು ಎಸೆಯಬಾರದು. ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಹೂ ಬಿಡದಿದ್ದರೂ ಅದರ ಬುಡದಲ್ಲಿ ಮಲಗಿದ ಕಣ್ಣಿರುತ್ತದೆ. ಒದ್ದೆ ಪಾಚಿಯಲ್ಲಿ ಅರ್ಧ ಹೂತು ನೆರಳಲ್ಲಿಟ್ಟರೆ ಚಿಗುರುತ್ತದೆ, ಮೂರು ನಾಲ್ಕು ವರ್ಷಕ್ಕೆ ಹೂವಿಗೆ ಬರುತ್ತದೆ. ನೆರೆಯವರಿಗೆ ಕೊಡಲು ಇದಕ್ಕಿಂತ ಒಳ್ಳೆಯ ಗಿಡವಿಲ್ಲ. ಕೊಡುವಾಗ ತಳಿಯ ಹೆಸರು, ಕುಂಡ ಬದಲಿಸಿದ ತಿಂಗಳು ಬರೆದ ಪಟ್ಟಿಯನ್ನು ಸಿಕ್ಕಿಸಿ ಕೊಡಿ. ಪೆನ್ಸಿಲಿನಲ್ಲೇ ಬರೆಯಿರಿ, ಮಾರ್ಕರ್ ಶಾಯಿ ಬಿಸಿಲಿಗೆ ಮಾಸಿಹೋಗುತ್ತದೆ.