ದಿನಗೂಲಿ ಎಂಬ ಬಿರುದು

ಅಮೆರಿಕದ ಕಟ್ಟಡ ಕೆಲಸಗಾರರು ಎದೆಯುಬ್ಬಿಸಿ ಹೇಳಿಕೊಳ್ಳುವ ಪದವಿಯೊಂದಿದೆ: ಜರ್ನಿಮನ್. ಇಲ್ಲಿ ಜರ್ನಿ ಎಂದರೆ ಪ್ರಯಾಣವಲ್ಲ. ಫ್ರೆಂಚಿನಲ್ಲಿ ‘ಝೂರ್ನೆ’ ಎಂದರೆ ದಿನ, ಒಂದು ದಿನದ ದುಡಿಮೆ. ಅಲ್ಲಿಗೆ ಜರ್ನಿಮನ್ ಅಂದರೆ ಅಪ್ಪಟ ದಿನಗೂಲಿಯವ. ‘ಹುಡುಗ ಏನ್ ಮಾಡ್ಕೊಂಡಿದಾನೆ?’ ಎಂದು ಹೆಣ್ಣಿನ ಕಡೆಯವರು ಕೇಳಿದರೆ ನಮ್ಮಲ್ಲಿ ದನಿ ತಗ್ಗಿಸಿ ಹೇಳುವ ಮಾತು, ಅಲ್ಲಿ ವರ್ಷಗಟ್ಟಲೆ ಕಲಿತು ಗಳಿಸುವ ಬಿರುದು. ಆ ಕಲಿಕೆಗೆ ಅಪ್ರೆಂಟಿಸ್‌ಷಿಪ್ ಎಂದು ಹೆಸರು. ಅದನ್ನು ನಡೆಸುವುದು ಕಾಲೇಜಲ್ಲ. ಕಾರ್ಮಿಕ ಸಂಘವೂ ಕಂಟ್ರಾಕ್ಟರುಗಳೂ ಜೊತೆಗೂಡಿ.

ಯೂನಿಯನ್ ಎಂದರೆ ನಮಗೆ ಬಾವುಟ, ಗೇಟ್ ಮೀಟಿಂಗ್, ಮುಷ್ಕರ. ಅದು ಶಾಲೆ ನಡೆಸುತ್ತದೆ ಎಂದರೆ ತುಸು ವಿಚಿತ್ರವೆನಿಸಬಹುದು. ಎಲೆಕ್ಟ್ರಿಷಿಯನ್ನರ ಸಂಘದ ಕತೆ ಕೇಳಿದರೆ ಅಷ್ಟು ವಿಚಿತ್ರವೆನಿಸದು. 1891ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಹತ್ತು ಪ್ರತಿನಿಧಿಗಳು ಕೂಡಿ ಆ ಸಂಘವನ್ನು ಕಟ್ಟಿದರು. ವಿದ್ಯುತ್ ಆಗ ಹೊಸದು. ಕಂಬ ಹತ್ತುವವರಿಗೆ ಹೇಳಿಕೊಡುವವರಿರಲಿಲ್ಲ, ಸಾಯುವವರು ಬೇಕಾದಷ್ಟಿದ್ದರು. ಸಂಘದ ಮೊದಲ ಅಧ್ಯಕ್ಷ ಹೆನ್ರಿ ಮಿಲ್ಲರ್ ಸ್ವತಃ ಲೈನ್‌ಮನ್. 1896ರಲ್ಲಿ ವಾಷಿಂಗ್ಟನ್ನಿನಲ್ಲಿ ಕೆಲಸದಲ್ಲಿದ್ದಾಗಲೇ ಶಾಕ್ ಹೊಡೆದು ಕಂಬದಿಂದ ಬಿದ್ದು ತೀರಿಕೊಂಡ. ಇಂಥ ಸಂಘಕ್ಕೆ ಕೂಲಿ ಹೆಚ್ಚಿಸುವುದು ಎಷ್ಟು ಮುಖ್ಯವೋ ಕೆಲಸ ಕಲಿಸುವುದೂ ಅಷ್ಟೇ ಮುಖ್ಯವಾಯಿತು. 1937ರಲ್ಲಿ ಫಿಟ್ಜ್‌ಜೆರಾಲ್ಡ್ ಕಾಯ್ದೆ ಬಂದು ಅಪ್ರೆಂಟಿಸ್ ಕಲಿಕೆಗೆ ದೇಶಮಟ್ಟದ ನಿಯಮಗಳಾದವು. 1941ರಲ್ಲಿ ಎಲೆಕ್ಟ್ರಿಷಿಯನ್ನರ ಸಂಘವೂ ಆ ವೃತ್ತಿಯ ಕಂಟ್ರಾಕ್ಟರುಗಳ ಸಂಘವೂ ಕೂಡಿ ತರಬೇತಿಗೆಂದೇ ಒಂದು ರಾಷ್ಟ್ರೀಯ ಸಮಿತಿ ಮಾಡಿಕೊಂಡವು.

ಎಲೆಕ್ಟ್ರಿಷಿಯನ್ ಕಲಿಕೆಗೆ ಸೇರುವುದು ಹೇಗೆ? ಹದಿನೆಂಟು ತುಂಬಿರಬೇಕು, ಹೈಸ್ಕೂಲು ಮುಗಿದಿರಬೇಕು, ಒಂದು ವರ್ಷ ಬೀಜಗಣಿತ ಓದಿ ಪಾಸಾಗಿರಬೇಕು. ಆಮೇಲೆ ಒಂದು ಪರೀಕ್ಷೆ. ಅದರಲ್ಲಿ ಲೆಕ್ಕ ಒಂದು ಭಾಗ, ಓದಿ ಅರ್ಥ ಮಾಡಿಕೊಳ್ಳುವುದು ಇನ್ನೊಂದು. ತಂತಿ ಎಳೆಯುವವನಿಗೆ ಇದೆಲ್ಲ ಯಾಕೆ ಎನ್ನಬೇಡಿ. ತಂತಿ ಹಾಯುವ ಪೈಪನ್ನು ಯಾವ ಕೋನದಲ್ಲಿ ಎಷ್ಟು ದೂರಕ್ಕೆ ಬಗ್ಗಿಸಬೇಕೆಂಬುದು ತ್ರಿಕೋನಮಿತಿಯ ಲೆಕ್ಕ, ಮತ್ತು ಮೂರು ವರ್ಷಕ್ಕೊಮ್ಮೆ ಬದಲಾಗುವ ವಿದ್ಯುತ್ ನಿಯಮಾವಳಿಯ ದಪ್ಪ ಪುಸ್ತಕವನ್ನು ಓದದೆ ಈ ಕೆಲಸ ಸಾಗದು. ಪಾಸಾದವರಿಗೆ ಸಂದರ್ಶನ. ಮೇಜಿನ ಆಚೆ ಯೂನಿಯನ್ನಿನವರು ಎಷ್ಟು ಜನ ಕೂತಿರುತ್ತಾರೋ ಕಂಟ್ರಾಕ್ಟರುಗಳ ಕಡೆಯವರೂ ಅಷ್ಟೇ ಜನ.

ಆಯ್ಕೆಯಾದರೆ ಐದು ವರ್ಷ. ಸೈಟಿನಲ್ಲಿ 8000 ಗಂಟೆ ಕೆಲಸ, ಅದರ ಜೊತೆಗೆ ತರಗತಿಯ ಪಾಠ. ಕೆಲವು ಊರುಗಳಲ್ಲಿ ಸಂಜೆ ತರಗತಿ, ಕೆಲವೆಡೆ ಕೆಲಸಕ್ಕೆ ಬಿಡುವು ಕೊಟ್ಟು ಹಗಲಿನಲ್ಲೇ ಪಾಠ. ಸೇರಿದ ದಿನದಿಂದಲೇ ಸಂಬಳ. ಜರ್ನಿಮನ್ ಕೂಲಿಯ ಅರ್ಧದ ಆಸುಪಾಸಿನಲ್ಲಿ ಶುರುವಾಗಿ ಹಂತ ಹಂತವಾಗಿ ಏರುತ್ತದೆ. ಕಾಲೇಜಿಗೆ ಹೋದ ಗೆಳೆಯ ಸಾಲದ ಕಾಗದಕ್ಕೆ ಸಹಿ ಹಾಕುವ ಹೊತ್ತಿಗೆ ಇವನ ಕೈಗೆ ವಾರದ ಚೆಕ್ ಬಂದಿರುತ್ತದೆ.

ಹಾಗಾದರೆ ಶಾಲೆಯ ಖರ್ಚು ಯಾರದು? ನನ್ನ ಮಟ್ಟಿಗೆ ಈ ವ್ಯವಸ್ಥೆಯ ಜೀವಾಳ ಇಲ್ಲಿದೆ. ಕೂಲಿ ಒಪ್ಪಂದ ಮಾಡಿಕೊಳ್ಳುವಾಗಲೇ, ಪ್ರತಿ ಗಂಟೆಯ ದುಡಿಮೆಗೆ ಇಂತಿಷ್ಟು ಸೆಂಟು ತರಬೇತಿ ನಿಧಿಗೆ ಎಂದು ಬರೆದಿರುತ್ತಾರೆ. ಕಟ್ಟುವವನು ಕಂಟ್ರಾಕ್ಟರ್. ಆದರೆ ಕೂಲಿಯಾಗಿ ಕೈಸೇರಬಹುದಾಗಿದ್ದ ಹಣ ಅದು. ಅಂದರೆ ಇವತ್ತು ಏಣಿ ಮೇಲೆ ನಿಂತಿರುವ ಹಿರಿಯನೇ ನಾಳೆ ತನ್ನ ಜಾಗಕ್ಕೆ ಬರುವ ಹುಡುಗನ ಫೀಸು ಕಟ್ಟುತ್ತಿದ್ದಾನೆ. ಹಾಗೆಂದೇ ಕೆಲವು ಕಡೆ ಕರಾರು ಬಿಗಿ: ಯೂನಿಯನ್ನಿನ ದುಡ್ಡಲ್ಲಿ ಕಲಿತು ಯೂನಿಯನ್ ಇಲ್ಲದ ಕಂಪನಿಗೆ ಹಾರಿದರೆ ಖರ್ಚು ಹಿಂದಿರುಗಿಸಬೇಕು. ನಮ್ಮಲ್ಲೂ 1996ರ ಕಾಯ್ದೆಯಿಂದ ಶುರುವಾದ, ಕಟ್ಟಡದ ವೆಚ್ಚದ ಮೇಲಿನ ಶೇ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಪಿಂಚಣಿ, ಮದುವೆ ಖರ್ಚು, ಮಕ್ಕಳ ಓದು ಎಂದು ಅದರಿಂದ ನೆರವೂ ಸಿಗುತ್ತದೆ. ಆದರೆ ಬಾಂಡ್ಲಿ ಹೊರುವ ಹುಡುಗ ಮೇಸ್ತ್ರಿಯಾಗುವುದು ಇಂದಿಗೂ ಬಹುಪಾಲು ನೋಡಿ ನೋಡಿಯೇ, ಬೈಸಿಕೊಂಡೇ.

ಬೈಗುಳ ಅಲ್ಲೂ ಇದೆ ಬಿಡಿ. ಮೊದಲ ವರ್ಷದ ಹುಡುಗನ ಕೆಲಸವೆಂದರೆ ಸಾಮಾನು ಹೊರುವುದು, ಕಸ ಗುಡಿಸುವುದು, ಎಲ್ಲರ ಕಾಫಿ ತರುವುದು. ‘ಹೋಗಿ ತಂತಿ ಎಳೆದು ಉದ್ದ ಮಾಡೋ ಯಂತ್ರ ತಗೊಂಡು ಬಾ’ ಎಂದು ಹಿರಿಯರು ಅಟ್ಟುವುದು ಹಳೆಯ ಕೀಟಲೆ. ಅಂಥ ಯಂತ್ರವೇ ಇಲ್ಲ. ಹುಡುಗ ಸೈಟೆಲ್ಲ ಅಲೆದು ಪೆಚ್ಚಾಗಿ ಬರುತ್ತಾನೆ.

ಬಿರುದು ಸಿಕ್ಕಮೇಲೂ ದಿನಗೂಲಿ ದಿನಗೂಲಿಯೇ. ಕಟ್ಟಡ ಮುಗಿದರೆ ಕೆಲಸ ಮುಗಿಯಿತು. ಯೂನಿಯನ್ ಕಚೇರಿಗೆ ಹೋಗಿ ಪಟ್ಟಿಯಲ್ಲಿ ಹೆಸರು ಬರೆಸಿ ಸರದಿ ಕಾಯಬೇಕು. ಕಂಟ್ರಾಕ್ಟರ್ ಆಳು ಕೇಳಿದಾಗ ಪಟ್ಟಿಯ ಮೇಲ್ತುದಿಯಲ್ಲಿದ್ದವನಿಗೆ ಕರೆ. ಕೆಲಸ ಕಡಿಮೆಯಾದ ವರ್ಷ ಈ ಕಾಯುವಿಕೆ ತಿಂಗಳುಗಟ್ಟಲೆ ಹೋಗುತ್ತದೆ. ಆದರೆ ಕಂಪನಿ ಬದಲಾದರೂ ಆರೋಗ್ಯ ವಿಮೆ, ಪಿಂಚಣಿ ಎರಡೂ ಯೂನಿಯನ್ ಒಪ್ಪಂದದ ನಿಧಿಯಲ್ಲೇ ಉಳಿಯುತ್ತವೆ.

ಯೂನಿಯನ್ ಎಂಬ ಈ ಮನೆಯ ಬಾಗಿಲು ಮಾತ್ರ ಎಲ್ಲರಿಗೂ ತೆರೆದಿರಲಿಲ್ಲ. ಅಪ್ಪನ ಸದಸ್ಯತ್ವದ ಕಾರ್ಡು ಮಗನಿಗೆ, ಮಾವನದು ಅಳಿಯನಿಗೆ ಎಂಬಂತೆ ದಶಕಗಳೇ ಕಳೆದವು. ನ್ಯೂಯಾರ್ಕಿನ ಶೀಟ್ ಮೆಟಲ್ ಕೆಲಸಗಾರರ ‘ಲೋಕಲ್ 28’ ಸಂಘ ಕಪ್ಪು ಜನಾಂಗದವರನ್ನು ಹೊರಗಿಟ್ಟ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬಿಳಿಯರಲ್ಲದ ಸದಸ್ಯರು ಶೇ 29ರಷ್ಟಾದರೂ ಇರಬೇಕೆಂಬ ಗುರಿಯನ್ನು 1986ರಲ್ಲಿ ಆ ನ್ಯಾಯಾಲಯ ಎತ್ತಿಹಿಡಿಯಿತು. ಸರ್ಕಾರಿ ಗುತ್ತಿಗೆಯ ಕಟ್ಟಡ ಕೆಲಸದಲ್ಲಿ ಮಹಿಳೆಯರ ದುಡಿಮೆ ಶೇ 6.9ರಷ್ಟಿರಬೇಕೆಂಬ ಗುರಿ 1978ರದು. 2025ರಲ್ಲಿ ಆ ಗುರಿಯನ್ನೇ ಕೈಬಿಡುವವರೆಗೂ ಅದನ್ನು ಮುಟ್ಟಿರಲಿಲ್ಲ. ಕುಶಲತೆಗೆ ಮರ್ಯಾದೆ ತಂದುಕೊಟ್ಟವರೇ ಅದಕ್ಕೆ ಬೇಲಿಯನ್ನೂ ಹಾಕಿದರು. ಜಾತಿಗೊಂದು ಕಸುಬು ಕಟ್ಟಿಕೊಂಡು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಕಾಲೇಜು ಬೇಡ ಎನ್ನುವ ಮಗನೋ ಮಗಳೋ ಇದ್ದರೆ ಈ ದಾರಿಯನ್ನೊಮ್ಮೆ ನೋಡಬಹುದು. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ ತೊಡಕಿಲ್ಲ. ಅಪ್ಪ ಅಮ್ಮನ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಕೆಲಸದ ಪರವಾನಗಿಯೇ ಇಲ್ಲದ್ದರಿಂದ ಇದೂ ಇಲ್ಲ. ಹೈಸ್ಕೂಲಿನ ಬೀಜಗಣಿತದ ಅಂಕಪಟ್ಟಿಯನ್ನು ಜೋಪಾನವಾಗಿಡಿ. ಅರ್ಜಿಯ ಜೊತೆ ಅದನ್ನು ಕೇಳುತ್ತಾರೆ.